ಡೇಟಾಬೇಸ್ ಬೆಳಿಗ್ಗೆ ಹೊತ್ತಿಗೆ ಸತ್ತಿರುತ್ತೆ, ತಾನಾಗೇ ಎದ್ದೇಳೋ ಹಂಗೆ ಮಾಡೋದು ಹೆಂಗೆ?

ಲೈಬ್ರರಿ_ಮೇಷ್ಟ್ರು:

ಎಲ್ರಿಗೂ ನಮಸ್ಕಾರ. ಹಾಸನ ಕಡೆ ಒಂದು ಡಿಗ್ರಿ ಕಾಲೇಜಿನ ಲೈಬ್ರರಿ ನೋಡ್ಕೊಳ್ತೀನಿ, ಓದಿದ್ದು ಲೈಬ್ರರಿ ಸೈನ್ಸು, ಕಂಪ್ಯೂಟರ್ ಅಲ್ಲ, ಆದ್ರೂ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ನಾನೇ ಹಾಕಿ ನಾನೇ ನಡೆಸ್ತಾ ಇದೀನಿ. ಉಬುಂಟು ಸರ್ವರ್, 4 ಜಿಬಿ ರ್‍ಯಾಮು, ಹಳೇ ಡೆಸ್ಕ್‌ಟಾಪೇ ಸರ್ವರ್ ಆಗಿದೆ, ಕೋಹಾದ ಡೇಟಾಬೇಸು ಮರಿಯಾಡಿಬಿನೂ (ಮೈಎಸ್‌ಕ್ಯೂಎಲ್‌ದೇ ಕವಲು) ಅದರಲ್ಲೇ. ಈಚೆಗೆ ವಾರಕ್ಕೆ ಒಂದ್ಸಲನೋ ಎರಡ್ಸಲನೋ ಬೆಳಿಗ್ಗೆ ಬಂದು ನೋಡಿದ್ರೆ ಕೋಹಾ ಓಪನ್ನೇ ಆಗಲ್ಲ, ಎರರ್ ಪೇಜ್ ಬರುತ್ತೆ, ಒಳಗೆ ಹೋಗಿ ನೋಡಿದ್ರೆ ಮರಿಯಾಡಿಬಿ ನಿಂತಿರುತ್ತೆ. ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಮರಿಯಾಡಿಬಿ ಅಂತ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಎದ್ದು ಕೆಲಸ ಶುರು ಮಾಡುತ್ತೆ. ನಾನಿದ್ರೆ ಸರಿ, ರಜ ಹಾಕಿದ ದಿನ ಅಟೆಂಡರ್ ಫೋನ್ ಮಾಡ್ತಾರೆ, ಹುಡುಗ್ರು ಪುಸ್ತಕ ವಾಪಸ್ ಕೊಡಕ್ಕೆ ನಿಂತಿರ್ತಾರೆ, ಇವರು ರಿಜಿಸ್ಟರಲ್ಲಿ ಪೆನ್ನಲ್ಲಿ ಬರ್ಕೊಂಡು ಮಾರನೇ ದಿನ ನನ್ನ ಕೈಗೆ ಕೊಡ್ತಾರೆ.

ಡೇಟಾಬೇಸ್ ನಡೀತಾ ಇದೆಯಾ ಇಲ್ವಾ ಅಂತ ಆಗಾಗ ನೋಡಿ, ನಿಂತಿದ್ರೆ ತಾನೇ ಸ್ಟಾರ್ಟ್ ಮಾಡೋ ಸ್ಕ್ರಿಪ್ಟ್ ಯಾರ ಹತ್ರನಾದ್ರೂ ಇದ್ರೆ ಕೊಡಿ. ಕಮಾಂಡ್‌ಗಳನ್ನ ಕನ್ನಡದಲ್ಲೇ ಬರೆದ್ರೂ ಪರವಾಗಿಲ್ಲ, ಟೈಪ್ ಮಾಡುವಾಗ ನಾನು ಇಂಗ್ಲಿಷಲ್ಲಿ ಹಾಕ್ಕೋತೀನಿ.

ಗಾಂಧಿಬಜಾರ್_ಗೀಕ್:

ಸಾರ್ ಇದು ಐದು ನಿಮಿಷದ ಕೆಲಸ. ರೂಟ್ ಯೂಸರ್‌ನ ಕ್ರಾನ್‌ಟ್ಯಾಬಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸೋ ಪಟ್ಟಿ) ನಿಮಿಷಕ್ಕೊಂದ್ಸಲ ಓಡೋ ಹಂಗೆ ಒಂದು ಸಾಲು ಹಾಕಿ. ಮೈಎಸ್‌ಕ್ಯೂಎಲ್‌ಅಡ್ಮಿನ್ ಪಿಂಗ್ ಹೊಡೀಬೇಕು, ಉತ್ತರ ಬರ್ಲಿಲ್ಲ ಅಂದ್ರೆ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಮರಿಯಾಡಿಬಿ, ಅಷ್ಟೇ. ಮರಿಯಾಡಿಬಿ 10.4ರಿಂದ ಈಚೆಗೆ ರೂಟ್‌ಗೆ ಯೂನಿಕ್ಸ್ ಸಾಕೆಟ್ ಲಾಗಿನ್ ಇರೋದ್ರಿಂದ ಪಾಸ್‌ವರ್ಡ್ ಕೂಡ ಬರೀಬೇಕಿಲ್ಲ. ನಮ್ಮಲ್ಲಿ ಎಷ್ಟೋ ವರ್ಷದಿಂದ ಇದೇ ಓಡ್ತಾ ಇದೆ, ಒಂದು ಕಂಪ್ಲೇಂಟ್ ಬಂದಿಲ್ಲ.

ಹುಬ್ಳಿ_ಅಡ್ಮಿನ್:

ಗೀಕ್ ಅಣ್ಣಾ, ಕಂಪ್ಲೇಂಟ್ ಬಂದಿಲ್ಲ ಅಂದ್ರ ಯಾರೂ ಲಾಗ್ ನೋಡಿಲ್ಲ ಅಂತ ಅರ್ಥ, ಬ್ಯಾಸರ ಮಾಡ್ಕೋಬ್ಯಾಡ.

ಮೇಷ್ಟ್ರ, ಆ ಸ್ಕ್ರಿಪ್ಟ್ ಹಾಕಬ್ಯಾಡ್ರಿ. ಯಾಕಂದ್ರ ಕರೆಂಟ್ ಹೋಗಿ ಸರ್ವರ್ ಧಡಕ್ಕನ ಆಫ್ ಆತು ಅನ್ಕೋರಿ. ಮತ್ತ ಆನ್ ಆದಾಗ ಇನ್ನೋಡಿಬಿ, ಅಂದ್ರ ಡೇಟಾ ಇಡೋ ಇಂಜಿನ್ನು, ಮೊದಲ ರೀಡೂ ಲಾಗ್ (ಬದಲಾವಣೆ ಬರದಿಟ್ಟ ದಾಖಲೆ) ಓದಿ, ಅದರಾಗಿದ್ದನ್ನೆಲ್ಲಾ ಹಾಕ್ಕೊಂಡು, ಆಮ್ಯಾಲ ಬಾಗಿಲಾ ತಗೀತೈತಿ, ಅರ್ಧಕ್ಕ ನಿಂತಿದ್ದನ್ನ ವಾಪಸ್ ತಗೊಳ್ಳೋದು ಹಿಂದಿನಿಂದ ನಡೀತೈತಿ. ಅದಕ್ಕ ಕ್ರ್ಯಾಶ್ ರಿಕವರಿ ಅಂತಾರ. ಆ ಲಾಗ್ ಹಾಕ್ಕೊಳ್ಳೋದು ಮುಗಿಯೂತನಕ ಯಾರ ಕನೆಕ್ಷನ್ನೂ ತಗೊಳ್ಳಂಗಿಲ್ಲ. ಹಳೇ ಹಾರ್ಡ್‌ಡಿಸ್ಕ್ ಇತ್ತಂದ್ರ ಇದು ಎಷ್ಟೋ ನಿಮಿಷ ಹಿಡೀತೈತಿ. ಈಗ ನಿಮ್ಮ ಕ್ರಾನ್ ಬಂದು ಪಿಂಗ್ ಮಾಡ್ತೈತಿ, ಉತ್ತರ ಇಲ್ಲ, ರೀಸ್ಟಾರ್ಟ್. ರಿಕವರಿ ಮತ್ತ ಮೊದಲಿಂದ. ಇನ್ನೊಂದ ನಿಮಿಷಕ್ಕ ಮತ್ತ ಬರ್ತೈತಿ, ಮತ್ತ ರೀಸ್ಟಾರ್ಟ್. ಡೇಟಾಬೇಸ್ ಏಳಾಕ ಬಿಡದ ಇರೋದು ಯಾರು ಅಂದ್ರ ಅದನ್ನ ಎಬ್ಬಸಾಕ ಅಂತ ಇಟ್ಟ ಸ್ಕ್ರಿಪ್ಟೇ.

ಇನ್ನೊಂದ್ ಕಡೆ ಇದಕ್ಕಿಂತ ಅಧ್ವಾನ ನೋಡೀನಿ. ಸ್ಕ್ರಿಪ್ಟಿನ್ಯಾಗ ಸಿಸ್ಟಮ್‌ಸಿಟಿಎಲ್ ಬದ್ಲಿ ಮೈಎಸ್‌ಕ್ಯೂಎಲ್‌ಡಿ_ಸೇಫ್ ಅಂತ ನೇರ ಓಡಿಸಿದ್ರು. ಲಿನಕ್ಸಿನ ಸರ್ವಿಸ್‌ಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿ ಒಂದು ಎಬ್ಬಸ್ತೈತಿ, ಇದು ಇನ್ನೊಂದು ಎಬ್ಬಸ್ತೈತಿ, ಎರಡೂ ಒಂದೇ ಡೇಟಾ ಫೋಲ್ಡರ್ ಮ್ಯಾಲ. ಎರರ್ ಲಾಗ್ ತಗದ್ರ ಉದ್ದಕ್ಕ ಒಂದೇ ಸಾಲು, ಆರಿಯಾ ಕಂಟ್ರೋಲ್ ಅನ್ನೋ ಫೈಲ್ ಲಾಕ್ ಆಗವಲ್ದು, ಎರರ್ 11, ಮೂವತ್ತು ಸೆಕೆಂಡ್ ಮತ್ತ ನೋಡ್ತೀನಿ ಅಂತ. ಆ ಲಾಕ್ ಇತ್ತಂತ ಡೇಟಾ ಉಳೀತು.

ಎಬ್ಬಸೋ ಕೆಲಸ ಒಬ್ಬರಿಗೇ ಕೊಡ್ರಿ, ಅದು ಸಿಸ್ಟಮ್‌ಡಿ ಇರಲಿ. ಮೊದಲ ಸಿಸ್ಟಮ್‌ಸಿಟಿಎಲ್ ಕ್ಯಾಟ್ ಮರಿಯಾಡಿಬಿ ಅಂತ ಹೊಡದು, ರೀಸ್ಟಾರ್ಟ್ ಅನ್ನೋ ಸಾಲಿನ್ಯಾಗ ಏನೈತಿ ಹೇಳ್ರಿ.

ಕುಡ್ಲದ_ಕೋಡರ್:

ಪಿಂಗ್ ವಿಷಯ ಬಂತಲ್ಲ, ಒಂದು ಮಾತು ಹೇಳ್ತೇನೆ. ಮೈಎಸ್‌ಕ್ಯೂಎಲ್‌ಅಡ್ಮಿನ್ ಪಿಂಗ್ ಅಂದ್ರೆ "ಒಳಗೆ ಯಾರಾದ್ರೂ ಇದ್ದೀರಾ" ಅಂತ ಕೇಳುದು ಅಷ್ಟೇ ಮಾರಾಯ್ರೆ. ಆಕ್ಸೆಸ್ ಡಿನೈಡ್ ಅಂತ ಬೈದು ಕಳಿಸಿದ್ರೂ ಅದು ಸೊನ್ನೆಯೇ (ಅಂದ್ರೆ ಎಲ್ಲ ಸರಿ ಅಂತ) ವಾಪಸ್ ಕೊಡ್ತದೆ, ಬೈಲಿಕ್ಕೆ ಸರ್ವರ್ ಇತ್ತಲ್ಲ ಅಂತ. ಡಾಕ್ಯುಮೆಂಟೇಶನ್‌ನಲ್ಲೇ ಹಾಗೆ ಬರ್ದದ್ದುಂಟು. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿನ ಪಿಜಿ_ಈಸ್‌ರೆಡಿ ಸಹ ಅದೇ ಜಾತಿ, ಯೂಸರ್ ಹೆಸರು ಪಾಸ್‌ವರ್ಡ್ ತಪ್ಪಿದ್ರೂ ಅದಕ್ಕೇನೂ ಇಲ್ಲ. ಆದ್ರೆ ಅದರಲ್ಲಿ ಒಂದು ಒಳ್ಳೇದುಂಟು, ಸರ್ವರ್ ಎದ್ದು ರಿಕವರಿ ಮಾಡ್ತಾ ಕನೆಕ್ಷನ್ ಬೇಡ ಅಂತಿದ್ರೆ 1 ಕೊಡ್ತದೆ, ಸದ್ದೇ ಇಲ್ಲದಿದ್ರೆ 2. ಹಾಗಾಗಿ ಹುಬ್ಳಿಯವರು ಹೇಳಿದ ತಲೆನೋವು ಅಲ್ಲಿ ಕಮ್ಮಿ, 1 ಬಂದ್ರೆ ಸುಮ್ಮನೆ ಕೂತ್ಕೊಳ್ಳಿ ಅಂತ ಸ್ಕ್ರಿಪ್ಟ್‌ಗೆ ಹೇಳ್ಬಹುದು.

ಡಿಸ್ಕ್ ಫುಲ್ ಆದಾಗ ಎಂತ ಆಗ್ತದೆ ಗೊತ್ತುಂಟಾ? ಮೈಎಸ್‌ಕ್ಯೂಎಲ್ ಸಾಯುದಿಲ್ಲ. ಬರೀಲಿಕ್ಕೆ ಹೋದ ಕೆಲಸವನ್ನ ಹಾಗೇ ನಿಲ್ಲಿಸಿ ನಿಮಿಷಕ್ಕೊಮ್ಮೆ ಜಾಗ ಆಯ್ತಾ ಅಂತ ನೋಡ್ತಾ ಕೂರ್ತದೆ, ಹತ್ತು ನಿಮಿಷಕ್ಕೊಮ್ಮೆ ಲಾಗ್‌ನಲ್ಲಿ ಒಂದು ಸಾಲು ಬರೀತದೆ. ಪಿಂಗ್ ಪಾಸ್, ಪೋರ್ಟ್ ಓಪನ್, ಸೆಲೆಕ್ಟ್ 1 ಸಹ ಪಾಸ್, ಆದ್ರೆ ಕೌಂಟರಿನಲ್ಲಿ ಒಂದು ಪುಸ್ತಕ ಇಶ್ಯೂ ಆಗ್ಲಿಕ್ಕಿಲ್ಲ. ಅದಕ್ಕೆ ನಾನು ಒಂದೇ ಸಾಲಿರುವ ಸಣ್ಣ ಟೇಬಲ್ ಮಾಡಿ ಅದರಲ್ಲಿ ಈಗಿನ ಟೈಮ್ ಅಪ್‌ಡೇಟ್ ಮಾಡಿಸ್ತೇನೆ, ಮುಂದೆ ಟೈಮ್‌ಔಟ್ 5 ಅಂತ ಹಾಕಿ. ಐದು ಸೆಕೆಂಡಿನೊಳಗೆ ಬರೆದು ಮುಗೀಲಿಲ್ಲ ಅಂದ್ರೆ ಎಚ್ಚರಿಕೆ. ಆ ಟೇಬಲ್ಲಿಗೆ ಮಾತ್ರ ಪರ್ಮಿಶನ್ ಇರುವ ಬೇರೆ ಯೂಸರ್ ಮಾಡಿ, ಪಾಸ್‌ವರ್ಡನ್ನ 600 ಮೋಡ್ ಇರುವ ಫೈಲಲ್ಲಿ ಇಡಿ, ಕಮಾಂಡ್ ಸಾಲಲ್ಲಿ ಬರ್ದ್ರೆ ಪಿಎಸ್ ಹೊಡೆದವರಿಗೆಲ್ಲ ಕಾಣ್ತದೆ.

ಗಾಂಧಿಬಜಾರ್_ಗೀಕ್:

ಸರಿ ಒಪ್ಕೊಂಡೆ, ಪಿಂಗ್ ಬೇಡ. ಹಂಗಾದ್ರೆ ಡೇಟಾಬೇಸಿನ 3306 ಪೋರ್ಟ್ ಓಪನ್ ಇದೆಯಾ ಅಂತ ಬೇರೆ ಮಷೀನಿಂದ ನೋಡಿದ್ರೆ? ಸರ್ವರ್ ಕಾಯೋ ಅಪ್‌ಟೈಮ್ ಕುಮಾ ಅನ್ನೋ ಟೂಲಲ್ಲಿ ಟಿಸಿಪಿ ಚೆಕ್ ಇದೆ, ಎರಡು ಕ್ಲಿಕ್ ಅಷ್ಟೇ.

ಕುಡ್ಲದ_ಕೋಡರ್:

ಅದೂ ಒಂದು ಗುಂಡಿಯೇ! ಟಿಸಿಪಿ ಚೆಕ್ ಅಂದ್ರೆ ಕನೆಕ್ಟ್ ಆಗಿ ಹ್ಯಾಂಡ್‌ಶೇಕ್ ಮಾಡದೆ ಓಡಿ ಹೋಗುದು. ಸರ್ವರ್ ಅದನ್ನ ಕನೆಕ್ಷನ್ ಎರರ್ ಅಂತ ಲೆಕ್ಕ ಇಟ್ಕೊಳ್ತದೆ. ಮ್ಯಾಕ್ಸ್_ಕನೆಕ್ಟ್_ಎರರ್ಸ್ ಡೀಫಾಲ್ಟ್ 100. ಮಧ್ಯ ಒಂದೂ ಸರಿಯಾದ ಕನೆಕ್ಷನ್ ಇಲ್ಲದೆ ಒಂದೇ ಸಮ ಅಷ್ಟಾದ್ರೆ ಆ ಮಷೀನನ್ನೇ ಬ್ಲಾಕ್ ಮಾಡ್ತದೆ, "ಹೋಸ್ಟ್ ಈಸ್ ಬ್ಲಾಕ್ಡ್" ಅಂತ. ನಿಮಿಷಕ್ಕೊಮ್ಮೆ ನೋಡಿದ್ರೆ ಎರಡು ಗಂಟೆಯೊಳಗೆ ಕಥೆ ಮುಗೀತು. ಆಮೇಲೆ ನಿಮ್ಮ ಮಾನಿಟರು ಡೇಟಾಬೇಸ್ ಡೌನ್ ಅಂತ ಬೊಬ್ಬೆ ಹೊಡೀತದೆ, ಅಲ್ಲಿ ಡೇಟಾಬೇಸ್ ಆರಾಮ ಉಂಟು. ಕುಮಾದಲ್ಲೇ ಮೈಎಸ್‌ಕ್ಯೂಎಲ್ ಅಂತ ಬೇರೆ ಚೆಕ್ ಉಂಟಲ್ಲ, ಲಾಗಿನ್ ಆಗಿ ಕ್ವೆರಿ ಓಡಿಸುವಂಥದ್ದು, ಅದನ್ನ ಹಾಕಿ.

ಲೈಬ್ರರಿ_ಮೇಷ್ಟ್ರು:

ಹುಬ್ಳಿಯವರು ಹೇಳಿದ ಹಂಗೆ ನೋಡ್ದೆ. ರೀಸ್ಟಾರ್ಟ್ ಈಕ್ವಲ್ ಟು ಆನ್-ಅಬಾರ್ಟ್ ಅಂತ ಇದೆ. ರೀಸ್ಟಾರ್ಟ್‌ಸೆಕ್ 5 ಸೆಕೆಂಡ್. ಅಂದ್ರೆ ರೀಸ್ಟಾರ್ಟ್ ಮೊದಲಿಂದನೇ ಇದೆ ಅಂತಾಯ್ತು! ಮತ್ತೆ ಯಾಕೆ ಏಳ್ತಾ ಇಲ್ಲ ಅದು?

ಮಲ್ಲೇಶ್ವರಂ_ಡಿಬಿಎ:

ಮೇಷ್ಟ್ರೇ, ಎಬ್ಬಿಸೋ ವಿಚಾರ ಆಮೇಲೆ ಮಾತಾಡೋಣ, ಯಾಕೆ ಸಾಯ್ತಿದೆ ಅಂತ ಇಲ್ಲಿವರೆಗೆ ಯಾರೂ ಕೇಳೇ ಇಲ್ಲ. ಜರ್ನಲ್‌ಸಿಟಿಎಲ್ ಮೈನಸ್ ಯು ಮರಿಯಾಡಿಬಿ ಹೊಡೆದು, ಕೊನೇ ಸಲ ನಿಂತಾಗಿನ ಏಳೆಂಟು ಸಾಲು ಹಾಕಿ. ಜೊತೆಗೆ ಜರ್ನಲ್‌ಸಿಟಿಎಲ್ ಮೈನಸ್ ಕೆ ಹೊಡೆದು ಅದರಲ್ಲಿ ಔಟ್ ಆಫ್ ಮೆಮೊರಿ ಅಂತ ಹುಡುಕಿ, ಮಷೀನ್ ಆಮೇಲೆ ರೀಬೂಟ್ ಆಗಿದ್ರೆ ಮೈನಸ್ ಬಿ ಮೈನಸ್ 1 ಅಂತ ಸೇರಿಸಿ. ಮೈ.ಸಿಎನ್‌ಎಫ್‌ನಲ್ಲಿ ಇನ್ನೋಡಿಬಿ ಬಫರ್ ಪೂಲ್ (ಓದಿದ ಡೇಟಾ ಇಟ್ಕೊಳ್ಳೋ ರ್‍ಯಾಮ್ ಜಾಗ) ಸೈಜ್ ಎಷ್ಟಿದೆ ಅನ್ನೋದೂ ಬೇಕು.

ಲೈಬ್ರರಿ_ಮೇಷ್ಟ್ರು:

ಸಿಕ್ತು ಸಾರ್. ಮೇನ್ ಪ್ರೊಸೆಸ್ ಎಕ್ಸಿಟೆಡ್, ಕೋಡ್ ಕಿಲ್ಡ್, ಸ್ಟೇಟಸ್ 9. ಅದರ ಕೆಳಗೆ ಫೇಲ್ಡ್ ವಿತ್ ರಿಸಲ್ಟ್ ಊಮ್-ಕಿಲ್. ಕರ್ನೆಲ್ ಲಾಗಲ್ಲೂ ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್, ಬ್ರಾಕೆಟ್ಟಲ್ಲಿ ಮರಿಯಾಡಿಬಿಡಿ. ಹಿಂದಿನವನ್ನೂ ನೋಡ್ದೆ, ಎಲ್ಲವೂ ಬೆಳಿಗ್ಗೆ ಆರೂವರೆ ಆಸುಪಾಸಲ್ಲೇ ಆಗಿದೆ, 6:26, 6:27 ಹಿಂಗೆ. ಆ ಹೊತ್ತಲ್ಲಿ ಕಾಲೇಜಲ್ಲಿ ವಾಚ್‌ಮನ್ ಬಿಟ್ರೆ ಯಾರೂ ಇರಲ್ಲ. ಬಫರ್ ಪೂಲ್ 3ಜಿ ಅಂತ ಇದೆ, ಯಾವುದೋ ಗೈಡಲ್ಲಿ ರ್‍ಯಾಮಿನ 75% ಕೊಡಿ ಅಂತಿತ್ತು.

ಮಲ್ಲೇಶ್ವರಂ_ಡಿಬಿಎ:

6:26, 6:27 ಅಂದ ಕೂಡ್ಲೇ ಅರ್ಧ ಉತ್ತರ ಸಿಕ್ತು. ಡೆಬಿಯನ್, ಉಬುಂಟು ಸರ್ವರ್‌ಗಳಲ್ಲಿ ಈಟಿಸಿ ಕ್ರಾನ್‌ಟ್ಯಾಬ್ ತೆಗೆದು ನೋಡಿ, ಕ್ರಾನ್.ಡೈಲಿ ಓಡೋದು 6:25ಕ್ಕೆ. ಕೋಹಾ ಪ್ಯಾಕೇಜು ತನ್ನ ದಿನದ ಬ್ಯಾಕಪ್ಪನ್ನ ಅಲ್ಲಿಂದಲೇ ಓಡಿಸುತ್ತೆ, ವಾರ್ ಸ್ಪೂಲ್ ಕೋಹಾ ಒಳಗೆ ಹೋಗಿ ಬೀಳುತ್ತಲ್ಲ ಆ ಡಂಪ್.

ಈಗ ಇನ್ನರ್ಧ. ಬಫರ್ ಪೂಲ್ 3 ಜಿಬಿ ಅಂತ ಬರೆದ ತಕ್ಷಣ 3 ಜಿಬಿ ರ್‍ಯಾಮ್ ಹೋಗಲ್ಲ. ಪುಟಗಳನ್ನ ಓದ್ತಾ ಹೋದ ಹಾಗೆ ತುಂಬುತ್ತೆ. ದಿನವಿಡೀ ನಿಮ್ಮ ಲೈಬ್ರರಿಲಿ ಇಶ್ಯೂ, ರಿಟರ್ನ್, ಹುಡುಕಾಟ, ಇದಕ್ಕೆ ಸ್ವಲ್ಪ ಪುಟ ಸಾಕು, ಅದಕ್ಕೇ ಹಗಲಲ್ಲಿ ಏನೂ ಆಗಲ್ಲ. ಬ್ಯಾಕಪ್ ಏನು ಮಾಡುತ್ತೆ, ಎಲ್ಲಾ ಟೇಬಲ್ಲುಗಳನ್ನ ಮೊದಲಿಂದ ಕೊನೇವರೆಗೆ ಓದುತ್ತೆ. ಕೋಹಾದಲ್ಲಿ ಆಕ್ಷನ್_ಲಾಗ್ಸ್ ಅಂತ ಒಂದು ಟೇಬಲ್ ಇದೆ, ಯಾರು ಏನು ಮಾಡಿದ್ರು ಅನ್ನೋ ದಾಖಲೆ, ಅದನ್ನ ಯಾರೂ ಕ್ಲೀನ್ ಮಾಡದೇ ಇದ್ರೆ ಬೆಳೀತಾನೇ ಇರುತ್ತೆ. ಅಷ್ಟನ್ನೂ ಓದುವಾಗ ಪೂಲ್ ಮೊದಲನೇ ಸಲ ನಿಜವಾಗ್ಲೂ 3 ಜಿಬಿ ಹತ್ರ ಹೋಗುತ್ತೆ, ಅದೇ 4 ಜಿಬಿಯಲ್ಲಿ ಕೋಹಾಗೆ ಬೇಕಾದ ಅಪಾಚೆ, ಪ್ಲ್ಯಾಕ್, ಜೀಬ್ರಾ, ಮೆಮ್‌ಕ್ಯಾಶ್‌ಡಿ ಎಲ್ಲ ಕೂತಿವೆ. ಜಾಗ ಸಾಲಲ್ಲ, ಕರ್ನೆಲ್ ಅತಿ ದೊಡ್ಡದನ್ನ ಹುಡುಕಿ ಹೊಡೆಯುತ್ತೆ. ಅತಿ ದೊಡ್ಡದು ಡೇಟಾಬೇಸೇ.

ಆ 75% ಲೆಕ್ಕ ಡೇಟಾಬೇಸ್ ಒಂದೇ ಇರೋ ಮಷೀನಿಗೆ. ನಿಮಗೆ 1 ಜಿಬಿ ಸಾಕು. ಮರಿಯಾಡಿಬಿ 10.2ರಿಂದ ಸೆಟ್ ಗ್ಲೋಬಲ್ ಅಂತ ಕೊಟ್ಟು ಓಡ್ತಾ ಇರುವಾಗಲೇ ಇಳಿಸಬಹುದು, ಫೈಲಲ್ಲೂ ಬದಲಾಯಿಸಿಡಿ, ಇಲ್ಲಾಂದ್ರೆ ಮುಂದಿನ ಸ್ಟಾರ್ಟಿಗೆ ಮತ್ತೆ 3 ಆಗುತ್ತೆ. ರ್‍ಯಾಮ್ ಸಾಲದಾಗ ಡಿಸ್ಕ್ ಬಳಸೋಕೆ 2 ಜಿಬಿ ಸ್ವಾಪ್ ಫೈಲ್ ಹಾಕಿ. ಆಕ್ಷನ್ ಲಾಗಿಗೆ ಕೋಹಾದಲ್ಲೇ ಕ್ಲೀನಪ್_ಡೇಟಾಬೇಸ್ ಅನ್ನೋ ಸ್ಕ್ರಿಪ್ಟ್ ಇದೆ, ಎಷ್ಟು ದಿನದ ಹಿಂದಿನದನ್ನ ಅಳಿಸಬೇಕು ಅಂತ ಕೊಡಬಹುದು, ಆಡಿಟ್‌ನವರು ಎಷ್ಟು ವರ್ಷ ಇಡಿ ಅಂತಾರೆ ಕೇಳ್ಕೊಂಡು ಓಡಿಸಿ.

ಇನ್ನು ಯಾಕೆ ಏಳ್ಲಿಲ್ಲ ಅಂದ್ರೆ, ಆನ್-ಅಬಾರ್ಟ್ ಅನ್ನೋದು ಪ್ರೊಸೆಸ್ಸು ಸಿಗ್ನಲ್ಲಿಂದ ಸತ್ರೆ ಮಾತ್ರ ಎಬ್ಬಿಸುತ್ತೆ. ಮೆಮೊರಿ ಸಾಲದೆ ಕರ್ನೆಲ್ ಕೊಂದಿದ್ದನ್ನ ಈಗಿನ ಸಿಸ್ಟಮ್‌ಡಿ ಸಿಗ್ನಲ್ ಅನ್ನೋ ಲೆಕ್ಕಕ್ಕೆ ಹಾಕಲ್ಲ, ಊಮ್-ಕಿಲ್ ಅಂತ ಬೇರೆ ಖಾತೆಗೆ ಹಾಕುತ್ತೆ. ಆ ಖಾತೆ ಆನ್-ಅಬಾರ್ಟ್ ಒಳಗೆ ಬರಲ್ಲ. ಹೊಸ ಮರಿಯಾಡಿಬಿ ಪ್ಯಾಕೇಜಲ್ಲಿ ಆನ್-ಅಬ್‌ನಾರ್ಮಲ್ ಅಂತ ಮಾಡಿದ್ದಾರೆ, ನೀವೂ ಅದನ್ನೇ ಹಾಕ್ಕೊಳಿ.

ಹುಬ್ಳಿ_ಅಡ್ಮಿನ್:

ಡಿಬಿಎ ಸರ, ಭಾಳ ಛಲೋ ಹೇಳಿದ್ರಿ. ಮೇಷ್ಟ್ರ, ಈಗ ಸೆಟ್ಟಿಂಗ್ ಹೇಳ್ತೀನಿ ಬರ್ಕೋರಿ.

ಲಿಬ್ ಒಳಗಿರೋ ಮೂಲ ಫೈಲ್ ಮುಟ್ಟಬ್ಯಾಡ್ರಿ, ಅಪ್‌ಡೇಟ್ ಬಂದಾಗ ಅಳಿಸಿ ಹೋಗ್ತೈತಿ. ಸಿಸ್ಟಮ್‌ಸಿಟಿಎಲ್ ಎಡಿಟ್ ಮರಿಯಾಡಿಬಿ ಅಂತ ಹೊಡೀರಿ, ಖಾಲಿ ಫೈಲ್ ಬರ್ತೈತಿ. ಸರ್ವಿಸ್ ಅನ್ನೋ ಭಾಗದಾಗ ರೀಸ್ಟಾರ್ಟ್ ಆನ್-ಅಬ್‌ನಾರ್ಮಲ್, ರೀಸ್ಟಾರ್ಟ್‌ಸೆಕ್ 30. ಯೂನಿಟ್ ಅನ್ನೋ ಭಾಗದಾಗ ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ 600, ಸ್ಟಾರ್ಟ್‌ಲಿಮಿಟ್‌ಬರ್ಸ್ಟ್ 3. ಈ ಕಡೀ ಎರಡನ್ನ ಮಂದಿ ಸರ್ವಿಸ್ ಭಾಗದಾಗ ಬರದು ಕೆಲಸ ಮಾಡವಲ್ದು ಅಂತಾರ, ಅದು ಯೂನಿಟ್ ಭಾಗದಾಗ ಇರಬೇಕು.

ಈ ಲಿಮಿಟ್ ಯಾಕ ಬೇಕು ಅಂತ ಲೆಕ್ಕ ನೋಡ್ರಿ. ಸಿಸ್ಟಮ್‌ಡಿ ಡೀಫಾಲ್ಟ್ ಏನಂದ್ರ ಹತ್ತು ಸೆಕೆಂಡಿನ್ಯಾಗ ಐದು ಸಲ ಎದ್ದು ಬಿದ್ರ ಸಾಕು ಬಿಡು ಅಂತ ಕೈಬಿಡ್ತೈತಿ. ಆದ್ರ ನಿಮ್ಮ ಫೈಲಿನ್ಯಾಗ ರೀಸ್ಟಾರ್ಟ್‌ಸೆಕ್ 5 ಐತಿ. ಪ್ರತಿ ಸಲ ಐದು ಸೆಕೆಂಡ್ ಕಾದ್ರ ಹತ್ತು ಸೆಕೆಂಡಿನ್ಯಾಗ ಎರಡು, ಭಾಳಂದ್ರ ಮೂರು ಸಲ. ಐದು ಎಂದೂ ಆಗಂಗಿಲ್ಲ. ಅಂದ್ರ ಲಿಮಿಟ್ ಇದ್ದೂ ಇಲ್ಲದಂಗ, ಡಿಸ್ಕ್ ಕೆಟ್ಟು ಡೇಟಾಬೇಸ್ ಏಳವಲ್ದು ಅಂದ್ರೂ ರಾತ್ರಿ ಪೂರ್ತಿ ಐದೈದು ಸೆಕೆಂಡಿಗೊಮ್ಮೆ ಆ ಕೆಟ್ಟ ಡಿಸ್ಕಿನ ಮ್ಯಾಲ ರಿಕವರಿ ಶುರು ಮಾಡಿ ಬೀಳ್ತಾನ ಇರ್ತೈತಿ. ಹತ್ತು ನಿಮಿಷಕ್ಕ ಮೂರು ಅಂತ ಇಟ್ರ ಮೂರು ಸಲ ನೋಡಿ ಸುಮ್ನ ಕುಂದರ್ತೈತಿ. ಆಮ್ಯಾಲ ನೀವು ಬಂದು ಸರಿ ಮಾಡಿ ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್ ಹೊಡದು ಸ್ಟಾರ್ಟ್ ಮಾಡ್ರಿ.

ಆಲ್ವೇಸ್ ಅಂತ ಮಾತ್ರ ಹಾಕಬ್ಯಾಡ್ರಿ. ಆನ್-ಫೇಲ್ಯೂರ್ ಹಾಕಿದ್ರೂ ಕಾನ್ಫಿಗ್ ಫೈಲಿನ್ಯಾಗ ಒಂದ ಅಕ್ಷರ ತಪ್ಪಿದ್ರ ಅದನ್ನೂ ಎಬ್ಬಸಾಕ ನೋಡ್ತೈತಿ. ಸ್ಪೆಲ್ಲಿಂಗ್ ತಪ್ಪು ರೀಸ್ಟಾರ್ಟಿಗೆ ಸರಿ ಆಗ್ತೈತೇನ್ರಿ? ಮತ್ತ ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಕಡಿಮಿ ಮಾಡಬ್ಯಾಡ್ರಿ, ಮರಿಯಾಡಿಬಿಯವ್ರು 900 ಸೆಕೆಂಡ್ ಇಟ್ಟಾರ, ರಿಕವರಿಗೆ ಬೇಕಂತನ ಇಟ್ಟಿದ್ದದು.

ಡಬ್ಲಿನ್_ಕನ್ನಡಿಗ:

ಪೋಸ್ಟ್‌ಗ್ರೆಸ್ ಬಳಸೋರಿಗೂ ಇದೇ ಅನ್ವಯ. ಸಿಸ್ಟಮ್‌ಡಿಯ ಡೀಫಾಲ್ಟ್ ಸ್ಟಾರ್ಟ್ ಟೈಮ್‌ಔಟ್ 90 ಸೆಕೆಂಡ್. ಕ್ರ್ಯಾಶ್ ಆದಮೇಲೆ ರಿಕವರಿ ಅದಕ್ಕಿಂತ ಜಾಸ್ತಿ ಹೊತ್ತು ತಗೊಂಡ್ರೆ ಸಿಸ್ಟಮ್‌ಡಿಯೇ ಕೊಂದು ಹಾಕುತ್ತೆ. ಅದಕ್ಕೆ ಪೋಸ್ಟ್‌ಗ್ರೆಸ್ ಕೈಪಿಡಿಯ ಮಾದರಿ ಫೈಲಲ್ಲಿ ಟೈಮ್‌ಔಟ್ ಇನ್ಫಿನಿಟಿ ಅಂತಲೇ ಕೊಟ್ಟಿದ್ದಾರೆ. ಅಲ್ಲಿ ಇನ್ನೊಂದು ವಿಶೇಷ, ಒಂದು ಬ್ಯಾಕೆಂಡ್ ಪ್ರೊಸೆಸ್ಸನ್ನ ಕರ್ನೆಲ್ ಕೊಂದ್ರೂ ಪೋಸ್ಟ್‌ಮಾಸ್ಟರ್ ಅನ್ನೋ ಮುಖ್ಯ ಪ್ರೊಸೆಸ್ಸು ಉಳಿದ ಎಲ್ಲರನ್ನೂ ಹೊರಗೆ ಹಾಕಿ, ತಾನೇ ರಿಕವರಿ ಮಾಡ್ಕೊಂಡು ಮತ್ತೆ ತೆರೆಯುತ್ತೆ. ರೀಸ್ಟಾರ್ಟ್_ಆಫ್ಟರ್_ಕ್ರ್ಯಾಶ್ ಡೀಫಾಲ್ಟಾಗಿ ಆನ್. ಹೊರಗಿನ ಸ್ಕ್ರಿಪ್ಟ್ ಅದಕ್ಕೆ ಬೇಕೇ ಇಲ್ಲ. ಕೆಲವರ ಸ್ಕ್ರಿಪ್ಟಲ್ಲಿ ಮೊದಲ ಸಾಲೇ ಪೋಸ್ಟ್‌ಮಾಸ್ಟರ್.ಪಿಡ್ ಅಳಿಸೋದು ಇರುತ್ತೆ, ದಯವಿಟ್ಟು ಅದನ್ನ ತೆಗೀರಿ. ಹಳೇ ಪ್ರೊಸೆಸ್ ಇನ್ನೂ ಬದುಕಿದ್ರೆ ಒಂದೇ ಡೇಟಾ ಮೇಲೆ ಇಬ್ಬರು ಕೂತು ಬರೀತಾರೆ.

ಪೋಸ್ಟ್‌ಗ್ರೆಸ್ ಬದಲಾವಣೆಗಳನ್ನ ಮೊದಲು ಬರೆದಿಡೋ ಪಿಜಿ_ವಾಲ್ ಫೋಲ್ಡರ್ ತುಂಬಿ ಪ್ಯಾನಿಕ್ ಆಗಿ ನಿಂತಾಗಲೂ ರೀಸ್ಟಾರ್ಟ್ ಉಪಯೋಗಕ್ಕೆ ಬರಲ್ಲ, ಏಳುತ್ತೆ, ಜಾಗ ಇಲ್ಲ, ಬೀಳುತ್ತೆ. ಆಗ ಗಾಬರೀಲಿ ಆ ಫೋಲ್ಡರಿನ ಫೈಲುಗಳನ್ನ ಅಳಿಸೋರಿದ್ದಾರೆ. ಮೊದಲು ಅದರ ಹೆಸರು ಪಿಜಿ_ಎಕ್ಸ್‌ಲಾಗ್ ಅಂತಿತ್ತು, ಲಾಗ್ ಅಂದ್ರೆ ಬೇಡದ್ದು ಅಂತ ಜನ ಅಳಿಸಿ ಡೇಟಾ ಕಳ್ಕೊಳ್ತಾ ಇದ್ರು, ಅದಕ್ಕೇ 2017ರಲ್ಲಿ 10ನೇ ಆವೃತ್ತಿ ಬಂದಾಗ ಹೆಸರೇ ಬದಲಾಯಿಸಿದ್ರು. ತುಂಬಿದ್ದಕ್ಕೆ ಕಾರಣ ಸಾಮಾನ್ಯವಾಗಿ ಎರಡು, ಆರ್ಕೈವ್ ಕಮಾಂಡ್ ಫೇಲ್ ಆಗ್ತಿರುತ್ತೆ, ಇಲ್ಲಾ ಯಾವುದೋ ಸತ್ತ ರೆಪ್ಲಿಕಾದ (ನಕಲು ಸರ್ವರಿನ) ಸ್ಲಾಟ್ ಹಾಗೇ ಉಳಿದಿರುತ್ತೆ.

ಡಾವಣಗೆರೆ_ಡಾಟ್‌ನೆಟ್:

ನಾವು ವಿಂಡೋಸ್ ಮಂದಿ, ನಮ್ಮನ್ನೂ ಸೇರಿಸ್ಕೊಳ್ರಪ್ಪಾ. ಒಂದು ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡ್ಕೊಳ್ತೀನಿ, ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ನಮ್ಮಲ್ಲಿ ಸರ್ವಿಸಸ್ ಕಿಟಕಿ ತೆಗೆದು, ಎಸ್‌ಕ್ಯೂಎಲ್ ಸರ್ವರ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ರಿಕವರಿ ಅನ್ನೋ ಟ್ಯಾಬ್ ಇದೆ, ಮೊದಲ ಸಲ ಫೇಲ್ ಆದ್ರೆ ರೀಸ್ಟಾರ್ಟ್, ಎರಡನೇ ಸಲ ರೀಸ್ಟಾರ್ಟ್, ಆಮೇಲೆ ಏನೂ ಮಾಡಬೇಡ ಅಂತ ಇಟ್ಟಿದೀನಿ. ಚೆನ್ನಾಗೇ ಕೆಲಸ ಮಾಡುತ್ತೆ.

ಆದ್ರೆ ಒಂದ್ಸಲ ಬಿಲ್ ಸೇವ್ ಆಗ್ತಾ ಇಲ್ಲ ಅಂತ ಫೋನು. ಅಲ್ಲಿನ ಹುಡುಗ ಸರ್ವಿಸ್ ರೀಸ್ಟಾರ್ಟ್ ಮಾಡಿದ, ಆಗ್ಲಿಲ್ಲ, ಮಷೀನೇ ರೀಸ್ಟಾರ್ಟ್ ಮಾಡಿದ, ಆಗ್ಲಿಲ್ಲ. ಹಳೇ ಬಿಲ್ ಎಲ್ಲ ಕಾಣುತ್ತೆ, ಹೊಸದು ಮಾತ್ರ ಆಗಲ್ಲ. ನೋಡಿದ್ರೆ ಎರರ್ 1105, ಪ್ರೈಮರಿ ಫೈಲ್‌ಗ್ರೂಪ್ ಫುಲ್. 2008 ಆರ್‌2ರಿಂದ 2022ರ ತನಕ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಡಿಸ್ಕಲ್ಲಿ ನೂರಾರು ಜಿಬಿ ಖಾಲಿ ಇದ್ರೂ ಅದಕ್ಕೆ ಬೇಕಿಲ್ಲ. ಸ್ಕ್ಯಾನ್ ಮಾಡಿದ ರಿಪೋರ್ಟ್ ಚಿತ್ರಗಳನ್ನೆಲ್ಲ ಟೇಬಲ್ ಒಳಗೇ ತುರುಕಿದ್ರು ಪುಣ್ಯಾತ್ಮರು. ಈಗ ಟಾಸ್ಕ್ ಶೆಡ್ಯೂಲರ್‌ನಿಂದ ದಿನಾ ಎಸ್‌ಕ್ಯೂಎಲ್‌ಸಿಎಂಡಿ ಓಡಿಸಿ ಸೈಜ್ ನೋಡ್ತೀನಿ, ಎಕ್ಸ್‌ಪ್ರೆಸ್‌ನಲ್ಲಿ ಹೇಳಿದ ಹೊತ್ತಿಗೆ ಕೆಲಸ ಓಡಿಸೋ ಏಜೆಂಟ್ ಇಲ್ಲವಲ್ಲ. 8 ದಾಟಿದ್ರೆ ಮೇಲ್ ಬರುತ್ತೆ.

ಗಾಂಧಿಬಜಾರ್_ಗೀಕ್:

ನನ್ನ ಕಡೆಯಿಂದ ಒಂದು ಡೌಟು. ಟೂ ಮೆನಿ ಕನೆಕ್ಷನ್ಸ್ ಅಂತ ಬಂದಾಗಾದ್ರೂ ರೀಸ್ಟಾರ್ಟ್ ಮಾಡ್ಬೋದಲ್ವಾ? ಮಾಡಿದ ತಕ್ಷಣ ಸರಿ ಹೋಗುತ್ತೆ, ಅದನ್ನಂತೂ ಕಣ್ಣಾರೆ ನೋಡಿದೀನಿ.

ಮಲ್ಲೇಶ್ವರಂ_ಡಿಬಿಎ:

ಸರಿ ಹೋಗಲ್ಲ ಗೀಕ್, ಸ್ವಲ್ಪ ಹೊತ್ತು ಮುಂದಕ್ಕೆ ಹೋಗುತ್ತೆ. ಮೈಎಸ್‌ಕ್ಯೂಎಲ್, ಮರಿಯಾಡಿಬಿಯಲ್ಲಿ ಮ್ಯಾಕ್ಸ್ ಕನೆಕ್ಷನ್ ಡೀಫಾಲ್ಟ್ 151, ಪೋಸ್ಟ್‌ಗ್ರೆಸ್‌ನಲ್ಲಿ 100. ಅಪ್ಲಿಕೇಶನ್ನು ಕನೆಕ್ಷನ್ ತಗೊಂಡು ವಾಪಸ್ ಕೊಡ್ತಿಲ್ಲ, ಇಲ್ಲಾ ಒಂದು ಕ್ವೆರಿ ಲಾಕ್ ಹಿಡ್ಕೊಂಡು ಕೂತು ಹಿಂದಿನವರೆಲ್ಲ ಸಾಲಲ್ಲಿ ನಿಂತಿದ್ದಾರೆ. ನೀನು ರೀಸ್ಟಾರ್ಟ್ ಮಾಡಿದಾಗ ಯಾವ ಕ್ವೆರಿ ಅಂತ ತಿಳ್ಕೊಳ್ಳೋ ಒಂದೇ ಸಾಕ್ಷಿನೂ ಅಳಿಸಿ ಹೋಯ್ತು. ಅಷ್ಟೇ ಅಲ್ಲ, ಬಫರ್ ಪೂಲ್ ತಣ್ಣಗಾಗಿರುತ್ತೆ, ಎಲ್ಲಾ ಅಪ್ಲಿಕೇಶನ್ನೂ ಒಟ್ಟಿಗೆ ನುಗ್ಗುತ್ತೆ, ಮೊದಲ ಕೆಲವು ನಿಮಿಷ ಮೊದಲಿಗಿಂತ ನಿಧಾನ. ಸೂಪರ್ (ಹೊಸ ಆವೃತ್ತಿಗಳಲ್ಲಿ ಕನೆಕ್ಷನ್ ಅಡ್ಮಿನ್) ಪ್ರಿವಿಲೇಜ್ ಇರೋ ಯೂಸರಿಗೆ ಅಂತ ಒಂದು ಕನೆಕ್ಷನ್ ಎತ್ತಿಟ್ಟಿರುತ್ತೆ, ಪೋಸ್ಟ್‌ಗ್ರೆಸ್‌ನಲ್ಲಿ ಮೂರು. ಅದರಲ್ಲಿ ಒಳಗೆ ಹೋಗಿ ಶೋ ಫುಲ್ ಪ್ರೊಸೆಸ್‌ಲಿಸ್ಟ್ ಹೊಡೆದು, ಹೊರಬಂದ ಪಟ್ಟಿ ಒಂದು ಫೈಲಿಗೆ ಉಳಿಸು, ಆಮೇಲೆ ಆ ಒಂದು ಕ್ವೆರಿ ಮಾತ್ರ ಕಿಲ್ ಮಾಡು. ಅಪ್ಲಿಕೇಶನ್ನಿಗೆ ರೂಟ್ ಯೂಸರ್ ಕೊಟ್ಟಿದ್ರೆ ಮಾತ್ರ ಆ ಒಂದು ಕನೆಕ್ಷನ್ನೂ ಅದೇ ತಿಂದಿರುತ್ತೆ, ಅದಕ್ಕೇ ಹಾಗೆ ಕೊಡಬಾರದು ಅನ್ನೋದು.

ಡಬ್ಲಿನ್_ಕನ್ನಡಿಗ:

ಒಂದು ಹೆಜ್ಜೆ ಮುಂದೆ, ಒಂದು ಸರ್ವರ್ ಸತ್ರೆ ಇನ್ನೊಂದನ್ನ ಮುಖ್ಯ ಮಾಡೋ ಆಟೋಮ್ಯಾಟಿಕ್ ಫೇಲ್‌ಓವರ್ ಬಗ್ಗೆ ಯಾರಾದ್ರೂ ಯೋಚಿಸ್ತಿದ್ರೆ 2018ರ ಅಕ್ಟೋಬರ್ 21ರ ಘಟನೆ ಬಗ್ಗೆ ಕೋಡ್ ಇಡೋ ತಾಣ ಗಿಟ್‌ಹಬ್‌ನ ವರದಿ ಓದ್ಲೇಬೇಕು, ಅವರೇ ಬರೆದು ಹಾಕಿದ್ದು. ನೆಟ್‌ವರ್ಕ್ ಸಲಕರಣೆ ಬದಲಾಯಿಸುವಾಗ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡ್ ಕಡಿದುಹೋಯ್ತು. ಅಷ್ಟರಲ್ಲಿ ಆರ್ಕೆಸ್ಟ್ರೇಟರ್ ಅನ್ನೋ ಟೂಲು ಪಶ್ಚಿಮ ಕರಾವಳಿಯ ಮೈಎಸ್‌ಕ್ಯೂಎಲ್ ಸರ್ವರ್‌ಗಳನ್ನ ಮುಖ್ಯ ಮಾಡ್ತು. ಪೂರ್ವದಲ್ಲಿ ಬರೆದ ಕೆಲವು ಬದಲಾವಣೆ ಪಶ್ಚಿಮಕ್ಕೆ ಹೋಗಿರ್ಲಿಲ್ಲ, ಪಶ್ಚಿಮದಲ್ಲಿ ಹೊಸದು ಬರೆಯೋಕೆ ಶುರುವಾಯ್ತು. ಸೇವೆ ಮತ್ತೆ ಪೂರ್ತಿ ಸರಿ ಹೋಗೋಕೆ 24 ಗಂಟೆ 11 ನಿಮಿಷ. ಟೂಲು ಕೆಟ್ಟಿರ್ಲಿಲ್ಲ, ಹೇಳಿದ ಹಾಗೇ ಕೆಲಸ ಮಾಡ್ತು. ಒಂದೇ ಮಷೀನಿರೋ ಲೈಬ್ರರಿಗೆ ಈ ತಲೆನೋವೇ ಬೇಡ ಅನ್ನೋದು ನನ್ನ ಅಭಿಪ್ರಾಯ, ಎರಡು ಮಷೀನಿದ್ರೂ ಫೇಲ್‌ಓವರ್ ಗುಂಡಿ ಮನುಷ್ಯರೇ ಒತ್ತಲಿ.

ಕುಡ್ಲದ_ಕೋಡರ್:

ತಾನಾಗೇ ಎದ್ದು ಕೂತ್ರೆ ಬಿದ್ದದ್ದು ಯಾರಿಗೂ ಗೊತ್ತೇ ಆಗುದಿಲ್ಲ, ಅದು ನನಗೆ ದೊಡ್ಡ ಹೆದರಿಕೆ. ಮೇಷ್ಟ್ರಿಗೆ ಇವತ್ತು ಆನ್-ಅಬ್‌ನಾರ್ಮಲ್ ಇದ್ದಿದ್ರೆ ವಾರಕ್ಕೊಂದೆರಡು ಸಲ ಆರೂವರೆಗೆ ಸತ್ತು ಅರ್ಧ ನಿಮಿಷದಲ್ಲಿ ಏಳ್ತಿತ್ತು, ಬ್ಯಾಕಪ್ ಅರ್ಧಕ್ಕೇ ನಿಂತಿರ್ತಿತ್ತು, ಯಾರೂ ನೋಡ್ತಿರ್ಲಿಲ್ಲ. ಒಂದು ವರ್ಷದ ನಂತರ ಡಿಸ್ಕ್ ಹೋದಾಗ ಗೊತ್ತಾಗುದು. ಅಂದ ಹಾಗೆ ಮೇಷ್ಟ್ರೆ, ಆ ಸತ್ತ ದಿನಗಳ ಡಂಪ್ ಫೈಲ್ ಸೈಜ್ ಒಮ್ಮೆ ನೋಡಿ.

ಎದ್ದ ಲೆಕ್ಕ ಹಿಡೀಲಿಕ್ಕೆ ಸುಲಭ ದಾರಿ ಉಂಟು. ಸಿಸ್ಟಮ್‌ಸಿಟಿಎಲ್ ಶೋ ಮೈನಸ್ ಪಿ ಎನ್‌ರೀಸ್ಟಾರ್ಟ್ಸ್ ಮರಿಯಾಡಿಬಿ ಅಂತ ಹೊಡೆದ್ರೆ ಸಿಸ್ಟಮ್‌ಡಿ ತಾನಾಗಿ ಎಷ್ಟು ಸಲ ಎಬ್ಬಿಸಿದೆ ಅಂತ ಬರ್ತದೆ. ಅದು ಸೊನ್ನೆ ಅಲ್ಲದಿದ್ರೆ ಮೆಸೇಜ್. ಪ್ರೊಮೀಥಿಯಸ್ ಅನ್ನುವ ಮಾನಿಟರಿಂಗ್ ಟೂಲ್ ಇದ್ದವರು ಅಪ್‌ಟೈಮ್ ಮೆಟ್ರಿಕ್ ಮೇಲೆ ಅಲರ್ಟ್ ಹಾಕಿ, ಹದಿನೈದು ನಿಮಿಷಕ್ಕಿಂತ ಕಮ್ಮಿ ಆದ್ರೆ ಯಾರೋ ಎಬ್ಬಿಸಿದ್ದಾರೆ ಅಂತ ಅರ್ಥ. ಮೇಲ್ ಒಂದನ್ನೇ ನಂಬಬೇಡಿ. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್‌ನವರು ತಪ್ಪು ಸರ್ವರಿನ ಡೇಟಾ ಅಳಿಸಿದ್ರಲ್ಲ, ಆಗ ಬ್ಯಾಕಪ್ ಹುಡುಕಿದ್ರೆ ಪಿಜಿ_ಡಂಪ್ ಆವೃತ್ತಿ ಹೊಂದದೆ ಮೊದಲಿಂದಲೇ ಫೇಲ್ ಆಗ್ತಾ ಇತ್ತು. ಫೇಲ್ ಆಯ್ತು ಅಂತ ಮೇಲ್ ಸಹ ಹೋಗ್ತಿತ್ತು, ಆದ್ರೆ ಡಿಮಾರ್ಕ್ ಅನ್ನುವ ಮೇಲ್ ನಿಯಮ ಕೇಳುವ ಸಹಿ ಇಲ್ಲ ಅಂತ ಆ ಮೇಲ್‌ಗಳೇ ವಾಪಸ್ ಆಗ್ತಿದ್ವು. ನಾನು ಟೆಲಿಗ್ರಾಂ ಬಾಟ್ ಬಳಸ್ತೇನೆ, ಮತ್ತೆ ದಿನಾ ಬೆಳಿಗ್ಗೆ "ಬ್ಯಾಕಪ್ ಆಯ್ತು, ಇಷ್ಟು ಎಂಬಿ" ಅಂತ ಒಂದು ಮೆಸೇಜ್ ಬರುವ ಹಾಗೆ ಇಟ್ಟಿದ್ದೇನೆ. ಅದು ಬರ್ಲಿಲ್ಲ ಅಂದ್ರೆ ಕರೆಂಟ್ ಹೋಗಿರ್ಲಿ, ನೆಟ್ ಹೋಗಿರ್ಲಿ, ಡೇಟಾಬೇಸ್ ಹೋಗಿರ್ಲಿ, ಏನೋ ಆಗಿದೆ ಅಂತ.

ಲೈಬ್ರರಿ_ಮೇಷ್ಟ್ರು:

ಕೋಡರ್ ಅವರೇ, ನೀವು ಹೇಳಿದ್ದು ನಿಜ. ಸರಿಯಾದ ದಿನದ ಡಂಪ್ ಸುಮಾರು 400 ಎಂಬಿ ಇದ್ರೆ ಮೊನ್ನೆ ಸತ್ತ ದಿನದ್ದು 90 ಕೂಡ ಇಲ್ಲ. ಎದೆ ಧಸಕ್ಕಂತು. ಅದೂ ಅಲ್ದೆ ಕೋಹಾ ಎರಡು ದಿನದ್ದು ಮಾತ್ರ ಇಟ್ಕೊಂಡು ಹಳೇದನ್ನ ಅಳಿಸುತ್ತೆ ಅಂತ ಇವತ್ತೇ ನೋಡಿದ್ದು, ಸತತ ಎರಡು ದಿನ ಸತ್ತಿದ್ರೆ ಕೈಲಿ ಏನೂ ಇರ್ತಿರ್ಲಿಲ್ಲ.

ಮಾಡಿರೋದು ಇಷ್ಟು. ಬಫರ್ ಪೂಲ್ 1 ಜಿಬಿ, ಸ್ವಾಪ್ ಹಾಕ್ದೆ, ಹುಬ್ಳಿಯವರ ಸೆಟ್ಟಿಂಗ್ ಹಾಗೇ ಹಾಕಿ ಡೀಮನ್-ರೀಲೋಡ್ ಮಾಡ್ದೆ. ಸಂಜೆ ಎಲ್ಲ ಹೋದ್ಮೇಲೆ ಕಿಲ್ ಮೈನಸ್ 9 ಹೊಡೆದು ಪರೀಕ್ಷೆ ಮಾಡಿದ್ರೆ ಮೂವತ್ತು ಸೆಕೆಂಡಿಗೆ ತಾನೇ ಎದ್ದಿತು, ಎನ್‌ರೀಸ್ಟಾರ್ಟ್ಸ್ 1 ಅಂತ ತೋರಿಸ್ತು. ಟೆಲಿಗ್ರಾಂ ಮೆಸೇಜು ನನ್ನ ಮಗಳು ಕೂತು ಸೆಟ್ ಮಾಡಿಕೊಟ್ಲು. ಇವತ್ತು ಬೆಳಿಗ್ಗೆ ಬ್ಯಾಕಪ್ ಪೂರ್ತಿ ಆಗಿದೆ, ಎನ್‌ರೀಸ್ಟಾರ್ಟ್ಸ್ ಏರಿಲ್ಲ.

ಒಂದೇ ಉಳಿದಿರೋದು, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದ್ರೆ ಯುಪಿಎಸ್ ಅರ್ಧ ಗಂಟೆ ಬರುತ್ತೆ, ಆಮೇಲೆ ಸರ್ವರ್ ಧಡ್ ಅಂತ ಆಫ್. ಕರೆಂಟ್ ಬಂದಾಗ ಯಾರಾದ್ರೂ ಹೋಗಿ ಬಟನ್ ಒತ್ತಬೇಕು.

ಹುಬ್ಳಿ_ಅಡ್ಮಿನ್:

ಕಿಲ್ ಹೊಡದು ಟೆಸ್ಟ್ ಮಾಡಿದ್ರಲ್ಲ, ಶಾಭಾಷ್ ಮೇಷ್ಟ್ರ, ಕಂಪನಿ ಮಂದಿನೂ ಅಷ್ಟು ಮಾಡಂಗಿಲ್ಲ.

ಬಟನ್ ಒತ್ತೋದಕ್ಕ ಬಯೋಸ್ ಒಳಗ ಎಸಿ ಪವರ್ ಲಾಸ್ ಅಂತ ಒಂದು ಆಯ್ಕೆ ಇರ್ತೈತಿ, ಪವರ್ ಆನ್ ಅಂತ ಇಡ್ರಿ, ಕರೆಂಟ್ ಬಂದ ಕೂಡ್ಲೇ ತಾನ ಆನ್ ಆಗ್ತೈತಿ. ಸಿಸ್ಟಮ್‌ಸಿಟಿಎಲ್ ಎನೇಬಲ್ ಆಗೈತೇನು ಅಂತ ಒಮ್ಮೆ ನೋಡ್ರಿ. ಯುಪಿಎಸ್ ಹಿಂದ ಯುಎಸ್‌ಬಿ ಪೋರ್ಟ್ ಐತೇನು? ಇದ್ರ ಆ ಕೇಬಲ್ ಸರ್ವರಿಗೆ ಹಾಕಿ ನಟ್ ಅನ್ನೋ ಪ್ಯಾಕೇಜ್ ಹಾಕ್ರಿ, ಎಪಿಸಿ ಕಂಪನಿದಿದ್ರ ಎಪಿಸಿಯುಪಿಎಸ್‌ಡಿ ನಡೀತೈತಿ. ಬ್ಯಾಟರಿ ಕಡಿಮಿ ಆದಾಗ ಅದು ತಾನ ಸರಿಯಾಗಿ ಶಟ್‌ಡೌನ್ ಮಾಡ್ತೈತಿ, ಮರುದಿನ ರಿಕವರಿ ಗೋಜಲೇ ಇರಂಗಿಲ್ಲ. ಮಾಡೆಲ್ ನಂಬರ್ ಹಾಕ್ರಿ, ಯಾವ ಡ್ರೈವರ್ ಅಂತ ಹೇಳ್ತೀನಿ.

ಗಾಂಧಿಬಜಾರ್_ಗೀಕ್:

ಸುಮ್ನೆ ಕುತೂಹಲಕ್ಕೆ ನಮ್ಮ ಸರ್ವರ್ ಎರರ್ ಲಾಗ್ ತೆಗೆದು ನೋಡ್ದೆ. ರೆಡಿ ಫಾರ್ ಕನೆಕ್ಷನ್ಸ್ ಅನ್ನೋ ಸಾಲು ಎಣಿಸಿದ್ರೆ ಎಣಿಸಕ್ಕಾಗದಷ್ಟಿದೆ. ಕ್ರಾನ್ ಸಾಲಿಗೆ ಕಾಮೆಂಟ್ ಹಾಕಿದೀನಿ. ನಮ್ಮದೇ ಇನ್ನೊಂದು ಡೇಟಾಬೇಸ್ ಡಾಕರ್ ಕಂಟೇನರಲ್ಲಿದೆ (ಸಾಫ್ಟ್‌ವೇರನ್ನ ಬೇರೆ ಡಬ್ಬೀಲಿಟ್ಟು ಓಡಿಸೋ ಥರ), ಅದರ ಹೆಲ್ತ್‌ಚೆಕ್ ಫೇಲ್ ಆದ್ರೆ ಡಾಕರೇ ಎಬ್ಬಿಸುತ್ತಾ?

ಡಬ್ಲಿನ್_ಕನ್ನಡಿಗ:

ಇಲ್ಲ. ಬರೀ ಡಾಕರ್‌ನಲ್ಲಿ ಹೆಲ್ತ್‌ಚೆಕ್ ಫೇಲ್ ಆದ್ರೆ ಅನ್‌ಹೆಲ್ದಿ ಅಂತ ಬೋರ್ಡ್ ಹಾಕುತ್ತೆ ಅಷ್ಟೇ. ರೀಸ್ಟಾರ್ಟ್ ಪಾಲಿಸಿ ನಡೆಯೋದು ಕಂಟೇನರ್ ಎಕ್ಸಿಟ್ ಆದಾಗ. ಲೈವ್‌ನೆಸ್ ಫೇಲ್ ಆದ್ರೆ ಕೊಂದು ಎಬ್ಬಿಸೋದು ಕಂಟೇನರ್‌ಗಳನ್ನ ನಡೆಸೋ ಕುಬರ್ನೆಟಿಸ್, ಅಲ್ಲಿ ಡೇಟಾಬೇಸಿಗೆ ಲೈವ್‌ನೆಸ್ ಬಿಗಿಯಾಗಿಟ್ರೆ ಮೇಲೆ ಹುಬ್ಳಿಯವರು ಹೇಳಿದ ರಿಕವರಿ ಕಥೆಯೇ ಮತ್ತೆ, ಅದಕ್ಕೆ ಸ್ಟಾರ್ಟಪ್ ಪ್ರೋಬ್ ಬೇರೆ ಇಡಬೇಕು. ಇನ್ನೊಂದು, ಡಾಕರ್ ಸ್ಟಾಪ್ ಹತ್ತು ಸೆಕೆಂಡ್ ಮಾತ್ರ ಕಾಯುತ್ತೆ, ಆಮೇಲೆ ಕಿಲ್. ಡೇಟಾಬೇಸ್ ಕಂಟೇನರಿಗೆ ಸ್ಟಾಪ್ ಗ್ರೇಸ್ ಪೀರಿಯಡ್ ಎರಡು ಮೂರು ನಿಮಿಷ ಇಡಿ. ಮರಿಯಾಡಿಬಿಯ ಅಧಿಕೃತ ಇಮೇಜಲ್ಲಿ ಹೆಲ್ತ್‌ಚೆಕ್.ಎಸ್‌ಎಚ್ ಅಂತ ಸ್ಕ್ರಿಪ್ಟ್ ಮೊದಲೇ ಇದೆ, ಕನೆಕ್ಟ್ ಮತ್ತು ಇನ್ನೋಡಿಬಿ_ಇನಿಷಿಯಲೈಸ್ಡ್ ಎರಡೂ ಕೊಟ್ಟು ಬಳಸಿ, ಪಿಂಗ್ ಬೇಡ.

ಲೈಬ್ರರಿ_ಮೇಷ್ಟ್ರು:

ಯುಪಿಎಸ್ ಹಿಂದೆ ಯುಎಸ್‌ಬಿ ಇದೆ ಹುಬ್ಳಿಯವರೇ, ಧೂಳು ಒರೆಸಿ ನೋಡ್ದೆ. ಮಾಡೆಲ್ ನಂಬರ್ ಸ್ಟಿಕ್ಕರ್ ಅಳಿಸಿ ಹೋಗಿದೆ. ಎಲ್‌ಎಸ್‌ಯುಎಸ್‌ಬಿ ಹೊಡೆದು ಏನು ಬರುತ್ತೆ ಅಂತ ನಾಳೆ ಹಾಕ್ತೀನಿ, ಇವತ್ತು ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡೋ ಸಂಸ್ಥೆ) ಮೀಟಿಂಗ್ ಇದೆ.